ಸಾಕು ಅಂತ ಹೇಳೋರು ಯಾರು?

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ನ್ಯೂಸ್ ರೂಮಿಗೆ ಒಂದು ದೃಶ್ಯ ಬರುತ್ತೆ. ಕಣ್ಣು ಹಾಯಿಸಿದಷ್ಟೂ ಹಿಮ. ಜೋಡಿ ಜೋಡಿಯಾಗಿ ಓಡುವ ನಾಯಿಗಳು. ಹಿಂದೆ ಒಂದು ಜಾರುಬಂಡಿ, ಅದರ ಮೇಲೆ ನಿಂತ ಒಬ್ಬ ಮನುಷ್ಯ. ಬುಲೆಟಿನ್ ಕೊನೆಗೆ ಇಪ್ಪತ್ತು ಸೆಕೆಂಡ್ ತೋರಿಸಿ, 'ಅಬ್ಬಾ, ಏನು ಚಳಿ' ಅಂತ ನಕ್ಕು ಮುಗಿಸೋದು ವಾಡಿಕೆ. ನಾನೂ ಹಾಗೇ ನಕ್ಕಿದ್ದೇನೆ. ಒಂದು ಸಲ ಮಾತ್ರ ಆ ದೃಶ್ಯ ನೋಡ್ತಾ ಶಿರಸಿ-ಬನವಾಸಿ ರಸ್ತೆಯ ನಮ್ಮೂರಿನ ಹೋರಿಯೊಂದು ನೆನಪಾಯಿತು. ಯಾಕೆ ಅಂತ ಹೇಳ್ತೀನಿ. ಮೊದಲು ಆ ಓಟ ಏನು ಅಂತ ನೋಡೋಣ.

ಅದರ ಹೆಸರು ಇಡಿಟರಾಡ್. ಅಮೆರಿಕದ ಅಲಾಸ್ಕಾ ರಾಜ್ಯದಲ್ಲಿ, ನೋಮ್ ಎಂಬ ಕಡಲತೀರದ ಊರು ಮುಟ್ಟುವ ಓಟ. ದೂರ ಸುಮಾರು 1,600 ಕಿಲೋಮೀಟರ್. ನಮ್ಮ ಲೆಕ್ಕಕ್ಕೆ ತರೋಣ. ಶಿರಸಿಯಿಂದ ಯಲ್ಲಾಪುರಕ್ಕೆ ಹೆಚ್ಚೂಕಮ್ಮಿ 50 ಕಿಲೋಮೀಟರ್. ಹೋಗಿ ಬಂದರೆ 100. ಹಾಗೆ 16 ಸಲ ಹೋಗಿ ಬರಬೇಕು, ಅದೂ ಹಿಮದ ಮೇಲೆ. 1973ರ ಮೊದಲ ಓಟದಲ್ಲಿ ಗೆದ್ದವರಿಗೆ ಸುಮಾರು 20 ದಿನ ಹಿಡಿದಿತ್ತು. ಈಗಿನವರು ಒಂಬತ್ತು ಹತ್ತು ದಿನದಲ್ಲಿ, ಕೆಲವೊಮ್ಮೆ ಇನ್ನೂ ಬೇಗ ಮುಗಿಸುತ್ತಾರೆ.

ನಾನು ಓದಿದ್ದು ಇಂಜಿನಿಯರಿಂಗ್. ಯಾವ ಯಂತ್ರ ಕಂಡರೂ ಅದು ಎಲ್ಲಿ ಬಿಸಿಯಾಗುತ್ತೆ, ಎಲ್ಲಿ ಸವೆಯುತ್ತೆ ಅಂತ ಹುಡುಕೋ ಚಾಳಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ಆರಿಸಿಕೊಳ್ಳಬೇಕು. ಹಾಗಾಗಿ ಅಲ್ಲಿ ಚಳಿಗಿಂತ ಬಿಸಿಲಿನ ಭಯವೇ ಜಾಸ್ತಿ. ಓಡುವ ಒಂದು ನಾಯಿಗೆ ದಿನಕ್ಕೆ ಸುಮಾರು 10,000 ಕ್ಯಾಲೊರಿ ಆಹಾರ ಬೇಕು. ನಮಗೆ ನಿಮಗೆ ನಾಲ್ಕು ದಿನಕ್ಕೆ ಆಗುವಷ್ಟು! ಪಂಜ ಸವೆಯಬಾರದು ಅಂತ ನಾಲ್ಕು ಕಾಲಿಗೂ ಬಟ್ಟೆಯ ಚೀಲ ಕಟ್ಟುತ್ತಾರೆ. ಲಗಾಮು ಇಲ್ಲ. 'ಗೀ' ಅಂದರೆ ಬಲಕ್ಕೆ, 'ಹಾ' ಅಂದರೆ ಎಡಕ್ಕೆ. ಮುಂದಿನ ನಾಯಿ ಮಾತು ಕೇಳಿ ತಿರುಗಿದರೆ ಉಳಿದವು ಅದರ ಹಿಂದೆ.

ಇಷ್ಟೆಲ್ಲ ತಯಾರಿ ಮಾಡಿದ ಮೇಲೆ ಗೆಲ್ಲೋದು ಹೇಗೆ? ಜೋರಾಗಿ ಓಡಿಸಿ ಅಂತ ತಾನೇ ನೀವು ಅಂದುಕೊಂಡಿದ್ದು? ಅಲ್ಲ. ಸರಿಯಾದ ಹೊತ್ತಿಗೆ ನಿಲ್ಲಿಸಿ. ಕೆಲವು ಗಂಟೆ ಓಟ, ಹೆಚ್ಚೂಕಮ್ಮಿ ಅಷ್ಟೇ ಹೊತ್ತು ವಿಶ್ರಾಂತಿ. ಇದು ಓಡಿಸುವವರ ಮರ್ಜಿಗೂ ಪೂರ್ತಿ ಬಿಟ್ಟಿದ್ದಲ್ಲ. ದಾರಿಯಲ್ಲಿ ಒಂದು ಕಡೆ 24 ಗಂಟೆ ನಿಲ್ಲಲೇಬೇಕು. ಯೂಕಾನ್ ನದಿಯ ದಂಡೆಯಲ್ಲಿ 8 ಗಂಟೆ. ಕೊನೆಗೆ ವೈಟ್ ಮೌಂಟನ್ ಎಂಬ ಊರಲ್ಲಿ ಮತ್ತೆ 8 ಗಂಟೆ. ಅಲ್ಲಿಂದ ಗುರಿಗೆ ಉಳಿಯೋದು ಸುಮಾರು 125 ಕಿಲೋಮೀಟರ್ ಅಷ್ಟೇ. ಎದುರಾಳಿ ಹಿಂದೆಯೇ ಬರ್ತಿದ್ದಾನೆ, ಮನಸ್ಸು ಓಡು ಅನ್ನುತ್ತೆ, ನಿಯಮ ಕೂತ್ಕೋ ಅನ್ನುತ್ತೆ!

ದಾರಿಯ ತಂಗುದಾಣಗಳಲ್ಲಿ ಪಶುವೈದ್ಯರು ಇರುತ್ತಾರೆ. ಪ್ರತಿ ಸ್ಪರ್ಧಿಯ ಬಂಡಿಯಲ್ಲೂ ಒಂದು ಪುಸ್ತಕ ಇರಲೇಬೇಕು. ನಾಯಿಗಳ ಆರೋಗ್ಯ ಹೇಗಿದೆ ಅನ್ನೋದು ಅದರಲ್ಲಿ ದಾಖಲಾಗುತ್ತೆ. ದಣಿದ ನಾಯಿಯನ್ನು ಅಲ್ಲೇ ಬಿಟ್ಟರೆ ಸಣ್ಣ ವಿಮಾನದಲ್ಲಿ ವಾಪಸ್ ಕಳಿಸುತ್ತಾರೆ. ಹಾಗೆ ಬಿಡೋದು ಅವಮಾನವಲ್ಲ. ಕೊನೆಯಲ್ಲಿ ಐದು ನಾಯಿ ಉಳಿದಿದ್ದರೆ ಸಾಕು, ಓಟ ಮುಗಿಸಬಹುದು. ನಾಯಿಗಳನ್ನು ಚೆನ್ನಾಗಿ ನೋಡಿಕೊಂಡವರಿಗೆ ಬೇರೆಯೇ ಒಂದು ಪ್ರಶಸ್ತಿ ಇದೆ.

ಹಾಗಂತ ಅಲ್ಲಿ ಎಲ್ಲ ಸರಿಯಿದೆ ಅಂತಲ್ಲ. 2024ರ ಓಟದಲ್ಲಿ ಮೂರು ನಾಯಿ ಸತ್ತವು. ಈ ಓಟವನ್ನೇ ನಿಲ್ಲಿಸಿ ಅನ್ನುವ ಪ್ರಾಣಿದಯಾ ಸಂಘಟನೆಗಳ ಕೂಗು ಇಂದಿಗೂ ಇದೆ. ನಿಯಮ ಇದ್ದೂ ಹೀಗಾದರೆ, ಇಲ್ಲದಿದ್ದರೆ ಏನಾದೀತು?

ಇನ್ನೊಂದು ವಿಷಯ ಕೇಳಿ. ಈ ಓಟ ಶುರು ಮಾಡಿದ ಜೋ ರೆಡಿಂಗ್ಟನ್ ಅವರ ಚಿಂತೆ ಏನಿತ್ತು ಗೊತ್ತಾ? ಹಿಮದ ಮೇಲೆ ಓಡುವ ಮೋಟಾರು ಬಂಡಿ ಬಂದು ಹಳ್ಳಿಗಳಲ್ಲಿ ನಾಯಿಗಳೇ ಇಲ್ಲವಾಗುತ್ತಿದ್ದವು. ಓಟ ಇದ್ದರೆ ನಾಯಿ ಉಳಿದಾವು ಅನ್ನೋದು ಅವರ ಆಸೆ. ನಮ್ಮಲ್ಲೂ ಕಥೆ ಇದೇ ಅಲ್ವಾ? ಗದ್ದೆಗೆ ಟಿಲ್ಲರ್ ಬಂತು, ಟ್ರ್ಯಾಕ್ಟರ್ ಬಂತು. ಎಷ್ಟೋ ಮನೆಗಳಲ್ಲಿ ಉಳುವ ಎತ್ತು ಹೋಗಿ ಕೊಟ್ಟಿಗೆಯಲ್ಲಿ ಉಳಿದಿದ್ದು ಹಬ್ಬದ ಹೋರಿ ಒಂದೇ.

ಸಿದ್ದಾಪುರದ ನೆಂಟರ ಮನೆಯಲ್ಲಿ ದೀಪಾವಳಿ ಅಂದರೆ ದನಕರುಗಳ ಮೈ ತೊಳೆದು, ಪೂಜೆ ಮಾಡಿ ಬಯಲಿಗೆ ಬಿಡುವ ಹಬ್ಬ. ಬನವಾಸಿ ಕಡೆ ಹೋರಿ ಬೆದರಿಸುವ ಹಬ್ಬದ ಗೌಜು. ನಾನಾಗ ಆರನೇ ಕ್ಲಾಸು. ಅಖಾಡದ ಎರಡೂ ಬದಿ ಜನ. ಹೋರಿಗಳ ಕೊರಳಲ್ಲಿ ಕೊಬ್ಬರಿ ಸರ, ಕೋಡಿಗೆ ಬಲೂನು. ಪಕ್ಕದ ಮನೆ ಅಜ್ಜನ ಹೋರಿ ಎರಡು ಸಲ ಯಾರ ಕೈಗೂ ಸಿಗದೆ ಓಡಿತ್ತು. ಮೂರನೇ ಸಲ ಬಿಡಿ ಅಂತ ಜನ ಕೂಗಿದರು. ಅಜ್ಜ ಅದರ ಪಕ್ಕೆ ಮುಟ್ಟಿ ನೋಡಿ, ಹಗ್ಗ ಹಿಡಿದು ಮನೆ ದಾರಿ ಹಿಡಿದರು. 'ಹೆದರಿದ್ದು ಹೋರಿಯೋ, ಅಜ್ಜನೋ' ಅಂತ ಹಿಂದಿನಿಂದ ಕೇಕೆ. ದಾರಿಯಲ್ಲಿ ಅಜ್ಜ ನನಗೆ ಅಂದರು, 'ತಮಾ, ನಾಳೆ ಇದು ಮಲಗಿದ್ರೆ ಇವರ್ಯಾರೂ ಬರೂದಿಲ್ಲ. ಕೊಟ್ಟಿಗೇಲಿ ನಾನೇ ಕೂತ್ಕಬೇಕು.'

ಅದೇ ಸಂಜೆ ಇನ್ನೊಂದು ಹೋರಿಯನ್ನು ಮತ್ತೆ ಮತ್ತೆ ಬಿಟ್ಟರು. ಅದು ಬೆದರಿ ಕಾಲುವೆ ಹಾರಲು ಹೋಗಿ ಮುಂಗಾಲು ಮುರಿದುಕೊಂಡಿತು. ಮತ್ತೆ ಏಳಲಿಲ್ಲ.

ಕಾನೂನು ಈಗ ಹಬ್ಬದ ಪರವಾಗಿದೆ. ಕಂಬಳ, ಹೋರಿ ಓಟ, ಎತ್ತಿನ ಗಾಡಿ ಓಟಕ್ಕೆ ಅವಕಾಶ ಕೊಡುವ ತಿದ್ದುಪಡಿಯನ್ನು ಕರ್ನಾಟಕ 2017ರಲ್ಲಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ನನಗೂ ಖುಷಿಯೇ. ಹಬ್ಬ ನಿಲ್ಲಲಿ ಅಂತ ನಾನು ಹೇಳ್ತಿಲ್ಲ. ಆದರೆ ಹಬ್ಬದ ಮರುದಿನ ಹೋರಿ ತಿವಿದು ಗಾಯಗೊಂಡವರ, ಸತ್ತವರ ಸುದ್ದಿ ಓದೋನೂ ನಾನೇ. ಕೋರ್ಟು ಓಡಿಸಬಹುದು ಅಂದಿದೆ. ಈ ಹೋರಿ ಇವತ್ತು ಬೇಡ ಅನ್ನೋದನ್ನು ಕೋರ್ಟು ಬಂದು ಹೇಳೋಕಾಗುತ್ತಾ? ಅದನ್ನು ಅಖಾಡದಲ್ಲಿ ನಿಂತವರೇ ಹೇಳಬೇಕು.

ಅಲಾಸ್ಕಾದಿಂದ ನಾವು ನಾಯಿ ತರೋದು ಬೇಡ, ಹಿಮ ತರೋಕಂತೂ ಆಗಲ್ಲ. ಒಂದು ನೋಟ್‌ಬುಕ್ ತರಬಹುದು. ಅಖಾಡದ ಬಾಗಿಲಲ್ಲಿ ಒಬ್ಬ ಪಶುವೈದ್ಯರು, ಕೈಯಲ್ಲಿ ಆ ಪುಸ್ತಕ. ಎಷ್ಟು ಸಲ ಓಡಿತು, ಉಸಿರು ಹೇಗಿದೆ, ಕಾಲು ಹೇಗಿದೆ. ಅವರು ಬೇಡ ಅಂತ ಬರೆದರೆ ಎಷ್ಟು ದೊಡ್ಡ ಹೆಸರಿನ ಹೋರಿಯಾದರೂ ಮನೆಗೆ. ಯಾರೂ ಕೇಕೆ ಹಾಕುವಂತಿಲ್ಲ.

ಈ ದೀಪಾವಳಿಗೆ ನಿಮ್ಮೂರಲ್ಲಿ ಹಬ್ಬದ ಕಮಿಟಿ ಸಭೆ ಕೂತಾಗ ಇದೊಂದನ್ನು ಕೇಳಿ ನೋಡಿ. ನಮ್ಮ ಅಖಾಡದಲ್ಲಿ ಆ ಪುಸ್ತಕ ಯಾರ ಕೈಯಲ್ಲಿರುತ್ತೆ?