ನೋವನ್ನು ಹೇಳಿಕೊಳ್ಳುವುದು: ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ ಕೆಲವು ಮಾತು

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಿರುವರೆಂದು ತಿಳಿದು, ಬೇರೊಂದು ವಿಷಯವನ್ನು ಆರಿಸಿಕೊಂಡೆ. ನಮ್ಮ ಮೊದಲ ತಂಡಗಳ ವಿದ್ಯಾರ್ಥಿಗಳಿಗೆ ಈಗ ಅರವತ್ತರ ಆಸುಪಾಸು. ಭೇಟಿಯಾದವರೆಲ್ಲರ ಬಾಯಲ್ಲೂ ಹರ್ನಿಯಾ, ಪಿತ್ತಕೋಶದ ಕಲ್ಲು, ಮೊಣಕಾಲು ಎಂದು ಒಂದಿಲ್ಲೊಂದು ಆಪರೇಷನ್ನಿನ ಸುದ್ದಿ. ಅವರಿಗಾಗಿ ಈ ಬರಹ.

ಕೆಲವು ವರ್ಷಗಳ ಹಿಂದೆ ನನಗೇ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ಹೊಟ್ಟೆಯ ಮೇಲ್ಭಾಗವನ್ನು ಕೊಯ್ದು ಮಾಡಿದ್ದು. ಮರುದಿನ ದಾದಿ ಬಂದು, ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ ಎಂದು ಕೇಳಿದಳು. ಜೀವಮಾನವಿಡೀ ಅಂಕ ಕೊಡುವುದರಲ್ಲಿ ಜಿಪುಣನೆನಿಸಿಕೊಂಡವನು ನಾನು, ಎರಡು ಎಂದೆ. ನಿಜವಾಗಿ ಎಂಟಕ್ಕೆ ಕಡಿಮೆಯಿರಲಿಲ್ಲ. ಆಕೆ ನನ್ನ ಮಾತನ್ನು ನಂಬಿ ಬರೆದುಕೊಂಡಳು. ಔಷಧವೂ ಅಷ್ಟಕ್ಕೇ ಬಂತು. ನೋವಿಗೆ ಹೆದರಿ ನಾನು ಕೆಮ್ಮಲಿಲ್ಲ, ದೀರ್ಘವಾಗಿ ಉಸಿರೆಳೆಯಲಿಲ್ಲ, ಹಾಸಿಗೆ ಬಿಟ್ಟು ಏಳಲಿಲ್ಲ. ಮೂರನೆಯ ದಿನ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿ ಶ್ವಾಸಕೋಶಕ್ಕೆ ಸೋಂಕು ತಗುಲಿತ್ತು. ಒಂದು ವಾರ ಹೆಚ್ಚಾಗಿ ಮಲಗಬೇಕಾಯಿತು. ತಪ್ಪು ಆಸ್ಪತ್ರೆಯದಲ್ಲ, ಸಂಪೂರ್ಣವಾಗಿ ನನ್ನದು. ಜ್ವರವನ್ನು ಅಳೆಯಲು ಥರ್ಮಾಮೀಟರಿದೆ. ನೋವನ್ನು ಅಳೆಯಲು ರೋಗಿಯ ಮಾತಲ್ಲದೆ ಬೇರೆ ಉಪಕರಣವಿಲ್ಲ.

ಸಹನೆಯನ್ನು ಗುಣವೆಂದು ಮಕ್ಕಳಿಗೆ ಬೋಧಿಸಿದವರು ನಾವೇ. ಆದರೆ ಶಸ್ತ್ರಚಿಕಿತ್ಸೆಯ ನಂತರ ನೋವು ನುಂಗುವುದರಿಂದ ಗಾಯ ಬೇಗ ಮಾಯುವುದಿಲ್ಲ. ನಡೆಯದಿದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದಲೇ ವೈದ್ಯರು ನೋವಿನ ಔಷಧವನ್ನು ನೋವು ಹೆಚ್ಚುವವರೆಗೆ ಕಾಯದೆ ಗಡಿಯಾರ ನೋಡಿ ಕೊಡುತ್ತಾರೆ. ಒಂದೇ ಔಷಧವನ್ನು ಹೆಚ್ಚಿಸುವ ಬದಲು ಎರಡು ಮೂರು ಬಗೆಯವನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತಾರೆ. ಪ್ಯಾರಸಿಟಮಾಲ್ ಸಾಮಾನ್ಯ. ಐಬುಪ್ರೊಫೇನ್ ಜಾತಿಯವು ಮೂತ್ರಪಿಂಡದ ದೋಷ ಅಥವಾ ಹೊಟ್ಟೆಯ ಹುಣ್ಣು ಇದ್ದವರಿಗೆ ಹಿತವಲ್ಲ. ಮಾರ್ಫಿನ್ ಎಂದೊಡನೆ ಚಟ ಹತ್ತೀತೆಂದು ಮನೆಯವರು ಗಾಬರಿಯಾಗುತ್ತಾರೆ. ವೈದ್ಯರ ಕಣ್ಗಾವಲಿನಲ್ಲಿ ಕೆಲವೇ ದಿನ ಪಡೆದವರಿಗೆ ಹಾಗಾಗುವುದು ವಿರಳ. ಅದಕ್ಕಿಂತ ಗಮನಿಸಬೇಕಾದದ್ದು ಉಸಿರಾಟ ಮಂದವಾಗುವುದು ಮತ್ತು ಮಲಬದ್ಧತೆ. ಕೆಮ್ಮುವಾಗ ದಿಂಬೊಂದನ್ನು ಗಾಯದ ಮೇಲೆ ಒತ್ತಿ ಹಿಡಿದುಕೊಂಡರೆ ನೋವು ಎಷ್ಟೋ ತಡೆಯುತ್ತದೆ. ಈ ಉಪಾಯ ನನಗೆ ತಿಳಿದದ್ದು ಜ್ವರ ಬಂದ ಮೇಲೆ!

ಉಸಿರಾಟದ ಮಾತು ಬಂದಿತು. ಅರಿವಳಿಕೆಯ ಚರಿತ್ರೆಯಲ್ಲಿ ಉಸಿರಿಗೂ ನಾವಿರುವ ಈ ಹಳೆಯ ನಿಜಾಮ ಸೀಮೆಗೂ ಒಂದು ನಂಟಿದೆ. 1846ರ ಅಕ್ಟೋಬರ್ 16ರಂದು ಅಮೆರಿಕದ ಬೋಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರ್ ಮೂಸಿಸಿ, ಜನರೆದುರು ರೋಗಿಯೊಬ್ಬನ ಕುತ್ತಿಗೆಯ ಗಂಟನ್ನು ತೆಗೆಯಲು ಅನುವು ಮಾಡಿಕೊಟ್ಟ. ಮರುವರ್ಷ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದರು. ಆದರೆ ಕೆಲವು ರೋಗಿಗಳು ಮೇಜಿನ ಮೇಲೆಯೇ ಮಡಿಯುತ್ತಿದ್ದರು. ಕಾರಣವನ್ನು ಅರಸಲು ಹೈದರಾಬಾದಿನಲ್ಲಿ ಡಾ. ಎಡ್ವರ್ಡ್ ಲಾರಿಯವರ ನೇತೃತ್ವದಲ್ಲಿ, ನಿಜಾಮರ ನೆರವಿನಿಂದ, 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದವು. ಉಸಿರನ್ನು ಕಾಯಿರಿ, ನಾಡಿಯನ್ನಲ್ಲ ಎಂಬುದು ಲಾರಿಯವರ ನಿಲುವು. ಅದು ಅರ್ಧಸತ್ಯವಾಗಿತ್ತು. ಕ್ಲೋರೋಫಾರ್ಮ್ ಹೃದಯದ ಬಡಿತವನ್ನೂ ಒಮ್ಮೆಲೇ ಕೆಡಿಸಬಲ್ಲದೆಂದು 1911ರಲ್ಲಿ ಲೆವಿ ಎಂಬ ವೈದ್ಯರು ತೋರಿಸಿಕೊಟ್ಟರು. ಇಂದು ಕ್ಲೋರೋಫಾರ್ಮ್ ಬಳಕೆಯಲ್ಲಿಲ್ಲ. ಉಸಿರು, ನಾಡಿ, ರಕ್ತದ ಆಮ್ಲಜನಕ ಎಲ್ಲವನ್ನೂ ಅರಿವಳಿಕೆ ತಜ್ಞರು ಕೊನೆಯವರೆಗೆ ಪಕ್ಕದಲ್ಲಿದ್ದು ಕಾಯುತ್ತಾರೆ. ಬೆರಳಿಗೆ ಸಿಕ್ಕಿಸುವ ಚಿಕ್ಕ ಚಿಮಟಿಗೆಯ ಕೆಲಸ ಅದೇ.

ಆ ತಜ್ಞರು ಹಿಂದಿನ ದಿನ ಬಂದು ಕೇಳುವ ಪ್ರಶ್ನೆಗಳಿಗೆ ಸಂಕೋಚವಿಲ್ಲದೆ ಉತ್ತರಿಸಬೇಕು. ಬೀಡಿ, ಹೆಂಡ, ತಂಬಾಕು, ನಾಟಿ ಔಷಧ, ಸಕ್ಕರೆ ರೋಗದ ಗುಳಿಗೆ, ರಕ್ತ ತೆಳುವಾಗಿಸುವ ಗುಳಿಗೆ ಯಾವುದನ್ನೂ ಮುಚ್ಚಿಡಬಾರದು. ಅಲುಗಾಡುವ ಹಲ್ಲಿದ್ದರೂ ಹೇಳಬೇಕು. ನಳಿಕೆ ಹಾಕುವಾಗ ಅದು ಕಳಚಿ ಶ್ವಾಸನಾಳಕ್ಕೆ ಬೀಳಬಹುದು. ಮಗ ಎದುರಿಗಿದ್ದಾನೆಂದು ಬೀಡಿಯ ಲೆಕ್ಕವನ್ನು ಅರ್ಧಕ್ಕಿಳಿಸಿದ ಹಿರಿಯರನ್ನು ನಾನು ಪಕ್ಕದ ಹಾಸಿಗೆಯಲ್ಲಿಯೇ ಕಂಡೆ.

ಉಪವಾಸದ ವಿಷಯದಲ್ಲಿ ನಮ್ಮ ತಾಯಂದಿರ ಮಮತೆಯೇ ಅಪಾಯ. ಬರಿ ಹೊಟ್ಟೆಯಲ್ಲಿ ಕಳಿಸಬಾರದೆಂದು ಬೆಳಗಿನ ಜಾವ ಒಂದು ಲೋಟ ಹಾಲು ಕುಡಿಸುತ್ತಾರೆ. ಪ್ರಜ್ಞೆ ತಪ್ಪಿದಾಗ ಗಂಟಲಿನ ಸ್ವಯಂರಕ್ಷಣೆಯೂ ನಿದ್ರಿಸುತ್ತದೆ. ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಸಾಮಾನ್ಯವಾಗಿ ಲಘು ಆಹಾರಕ್ಕೆ 6 ಗಂಟೆ, ಎಣ್ಣೆ ಮಾಂಸದ ಊಟಕ್ಕೆ 8 ಗಂಟೆ, ಬರಿಯ ನೀರಿಗೆ 2 ಗಂಟೆಯ ಅಂತರ ಬೇಕು. ಹಾಲು, ಹಾಲು ಹಾಕಿದ ಚಹಾ ಆಹಾರದ ಲೆಕ್ಕಕ್ಕೇ ಸೇರುತ್ತವೆ. ಆಸ್ಪತ್ರೆಯವರು ಬೇರೆ ಸಮಯ ಹೇಳಿದ್ದರೆ ಅದನ್ನೇ ಪಾಲಿಸತಕ್ಕದ್ದು.

ಬೆನ್ನಿಗೆ ಚುಚ್ಚಿಸಿಕೊಂಡರೆ ಆಯುಷ್ಯವಿಡೀ ಬೆನ್ನುನೋವೆಂಬ ಮಾತು ನಮ್ಮಲ್ಲಿ ಬಲವಾಗಿದೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಕೆಲವರಿಗೆ ತಲೆನೋವು ಬರಬಹುದು. ಬಂದರೆ ಮುಚ್ಚಿಡದೆ ತಿಳಿಸಬೇಕು. ಆದರೆ ವರ್ಷಗಟ್ಟಲೆ ಉಳಿಯುವ ಬೆನ್ನುನೋವಿಗೆ ಆ ಸೂಜಿ ಕಾರಣವಲ್ಲ.

ಇನ್ನು ನಮ್ಮಂಥ ಗಡಿನಾಡಿನವರ ಒಂದು ತೊಡಕು. ನನ್ನ ಧರ್ಮಪತ್ನಿ ಯಾದಗಿರಿ ಕಡೆಯವರು. ಕನ್ನಡವಲ್ಲದೆ ಬೇರೆ ಭಾಷೆ ಬಾರದು. ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಹೈದರಾಬಾದಿಗೆ ಕರೆದೊಯ್ದಾಗ ದಾದಿಯರದು ತೆಲುಗು. ಉರಿಯುವ ನೋವು, ಜೋಮು ಹಿಡಿದು ಸಿಡಿಯುವ ನೋವು ನರಕ್ಕೆ ಸಂಬಂಧಿಸಿದ್ದಿರಬಹುದು, ಅದಕ್ಕೆ ಔಷಧವೇ ಬೇರೆ. ಬರಿಯ ನೊಪ್ಪಿ ಎಂದರೆ ಸಾಲದು. ವಯಸ್ಸಾದವರಿಗೆ ಶಸ್ತ್ರಚಿಕಿತ್ಸೆಯ ನಂತರ ಒಂದೆರಡು ದಿನ ಮತಿಭ್ರಮೆಯಾಗುವುದೂ ಉಂಟು. ಆಗ ಕನ್ನಡಕ, ಕಿವಿಯ ಯಂತ್ರ ಕೈಗೆ ಸಿಗುವಂತಿರಬೇಕು. ಪರಿಚಿತರೊಬ್ಬರು ಅವರದೇ ಭಾಷೆಯಲ್ಲಿ, ಇದು ಆಸ್ಪತ್ರೆ, ಈಗ ಬೆಳಗಾಗಿದೆ, ನಾನು ಇಲ್ಲೇ ಇದ್ದೇನೆ ಎಂದು ಹೇಳುತ್ತಿರಬೇಕು. ರಾತ್ರಿ ನಾನು ಒಳಗಿರಲು ಅನುಮತಿಯಿರಲಿಲ್ಲವಾಗಿ, ಹಾಳೆಯೊಂದರಲ್ಲಿ ಎರಡು ಅಂಕಣ ಗೀಚಿದೆ: ಉರಿ–ಮಂಟ, ಚುಚ್ಚು–ಪೋಟು, ಜೋಮು–ತಿಮ್ಮಿರಿ, ವಾಂತಿ–ವಾಂತಿ. ತೆಲುಗಿನ ಸಾಲನ್ನು ತೆಲುಗು ಲಿಪಿಯಲ್ಲಿಯೇ ಬರೆದು, ಕೆಳಗೆ ಸೊನ್ನೆಯಿಂದ ಹತ್ತರವರೆಗೆ ಅಂಕಿ ಹಾಕಿ ಹಾಸಿಗೆಯ ತಲೆದೆಸೆಗೆ ಅಂಟಿಸಿ ಬಂದೆ. ಬೆಳಿಗ್ಗೆ ಹೋಗಿ ನೋಡಿದರೆ ಮಂಟ ಎಂಬ ಪದದ ಸುತ್ತ ದಾದಿ ಗೆರೆ ಎಳೆದಿದ್ದಳು, ಪಕ್ಕದಲ್ಲಿ ಏಳು ಎಂಬ ಅಂಕಿ. ಮಧ್ಯರಾತ್ರಿಯೇ ವೈದ್ಯರನ್ನು ಕರೆಸಿ ಔಷಧ ಬದಲಿಸಿದ್ದರಂತೆ. ನನ್ನ ಧರ್ಮಪತ್ನಿ ನಿದ್ರಿಸುತ್ತಿದ್ದರು.