ಬಚ್ಚಲ ಮನೆಯ ಲೆಕ್ಕ

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದು, ಮಾರುಕಟ್ಟೆಗೆ ಸೊಗಡಿನ ಅವರೆಕಾಯಿ ಬಂದಿತೆಂದರೆ ಬೆಂಗಳೂರಿಗೆ ಚಳಿಗಾಲ ಬಂದಿತೆಂದೇ ಅರ್ಥ. ಹಿಮಾಲಯದ ತಪ್ಪಲಿನವರು ನಮ್ಮ ಚಳಿಯನ್ನು ಕಂಡು ನಕ್ಕಾರು. ಈ ಊರಿನಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆಯೇ 7.8 ಡಿಗ್ರಿ ಸೆಲ್ಸಿಯಸ್; ಅದೂ 1884ರ ಜನವರಿ 13ರಂದು. ಕೊಠಡಿಯನ್ನು ಬಿಸಿಮಾಡಿಕೊಳ್ಳುವ ಗೊಡವೆ ನಮಗಿಲ್ಲ. ಒಂದು ಶಾಲು, ಒಂದು ಲೋಟ ಕಾಫಿ ಸಾಕು. ನಮ್ಮ ಚಳಿಯೆಲ್ಲ ಅಡಗಿರುವುದು ಬಚ್ಚಲ ಮನೆಯ ನಲ್ಲಿಯಲ್ಲಿ.

ಕಳೆದ ವರ್ಷ ಧನುರ್ಮಾಸದಲ್ಲಿ ನಮ್ಮ ಮನೆಯ ವಿದ್ಯುತ್ತಿನ ಬಿಲ್ಲು ಏರಿತು. ಯಜಮಾನನೆಂಬ ಹಮ್ಮಿನಿಂದ ನಾನೊಂದು ಶಾಸನ ಹೊರಡಿಸಿದೆ: ಪಡಸಾಲೆಯಲ್ಲಿ ಒಂದೇ ದೀಪ ಉರಿಯಬೇಕು; ಕೋಣೆಯಿಂದ ಎದ್ದವರು ದೀಪ ಆರಿಸಿಯೇ ಏಳಬೇಕು. ಮಕ್ಕಳು ಗೊಣಗಿದರು, ನನ್ನಾಕೆ ಮುಗುಳ್ನಕ್ಕಳು. ಅರವತ್ತೈದು ದಾಟಿದ ತಾಯಿ ಏನೂ ಹೇಳಲಿಲ್ಲ.

ಎಂಟು ದಿನಗಳ ಮೇಲೆ ಒಂದು ದಿನ ನಸುಕಿನಲ್ಲಿ ಎಚ್ಚರವಾಯಿತು. ಅಮ್ಮ ಸ್ನಾನ ಮುಗಿಸಿ ಬಚ್ಚಲಿನಿಂದ ಹೊರಬರುತ್ತಿದ್ದಳು. ಕೈಗಳು ನಡುಗುತ್ತಿದ್ದವು. ಒಳಗೆ ಇಣುಕಿದರೆ ಹಬೆಯ ಸುಳಿವೇ ಇಲ್ಲ.

“ಏನಮ್ಮ ಇದು, ತಣ್ಣೀರೇ?”

“ಬಿಲ್ಲು ಹೆಚ್ಚಾಯಿತು ಅಂತ ನೀನೇ ಹೇಳಿದೆಯಲ್ಲಪ್ಪ. ನನಗೇನು, ನಾಲ್ಕು ಚೊಂಬು ನೀರು.”

ನನ್ನ ಬಾಯಿ ಕಟ್ಟಿತು. ಆ ಸಂಜೆ ಪೆನ್ಸಿಲ್ ಹಿಡಿದು ಕುಳಿತೆ. ಕನ್ನಡ ಮೇಷ್ಟರಿಗೆ ಲೆಕ್ಕದ ಸಹವಾಸ ಕಡಿಮೆ. ಭೌತಶಾಸ್ತ್ರದ ಮಿತ್ರರೊಬ್ಬರು ಸೂತ್ರವನ್ನು ಹೇಳಿಕೊಟ್ಟಿದ್ದರು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು. ಒಂದು ಯೂನಿಟ್ ವಿದ್ಯುತ್ತೆಂದರೆ 3600 ಕಿಲೋಜೂಲ್. ಹಾಗಾದರೆ 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಸರಿಸುಮಾರು ಅರ್ಧ ಯೂನಿಟ್. ಅದೇ ಅರ್ಧ ಯೂನಿಟ್ಟಿನಲ್ಲಿ 9 ವ್ಯಾಟ್‌ನ ಎಲ್.ಇ.ಡಿ. ದೀಪ 55 ಗಂಟೆ ಉರಿಯುತ್ತದೆ! ನಿಮಿಷಕ್ಕೆ 8 ಲೀಟರ್ ಸುರಿಸುವ ಷವರಿನ ಕೆಳಗೆ ಹತ್ತು ನಿಮಿಷ ನಿಂತರೆ ನಾಲ್ಕು ಬಕೆಟ್ ನೀರು, ಎರಡು ಯೂನಿಟ್. ಹಾಗೆ ನಿಲ್ಲುತ್ತಿದ್ದವನು ಬೇರಾರೂ ಅಲ್ಲ, ಶಾಸನ ಹೊರಡಿಸಿದ ನಾನೇ! ಹೊಸ್ತಿಲಲ್ಲಿ ಸಾಸಿವೆಕಾಳು ಆಯುತ್ತ ಕುಳಿತು ಹಿತ್ತಿಲಿನ ಕುಂಬಳಕಾಯಿ ಕಳೆದುಕೊಂಡಂತಾಗಿತ್ತು ನನ್ನ ಸ್ಥಿತಿ.

ಇನ್ನೊಂದು ಸೋರಿಕೆಯೂ ಇತ್ತು. ಐದು ಗಂಟೆಗೆ ಹಾಕಿದ ಗೀಸರಿನ ಸ್ವಿಚ್ಚು ಒಂಬತ್ತರವರೆಗೆ ಆರುತ್ತಿರಲಿಲ್ಲ. ಒಬ್ಬೊಬ್ಬರ ಸ್ನಾನ ಒಂದೊಂದು ಹೊತ್ತಿಗೆ. ತೊಟ್ಟಿಯಲ್ಲಿ ನಿಂತ ಬಿಸಿನೀರು ಸುಮ್ಮನೆ ಆರುತ್ತದೆ; ಯಂತ್ರ ಅದನ್ನು ಮತ್ತೆ ಕಾಯಿಸುತ್ತದೆ. ಗೀಸರಿನ ಮೇಲಿನ ನಕ್ಷತ್ರಗಳ ಚೀಟಿ ಹೇಳುವುದೂ ಈ ನಷ್ಟವನ್ನೇ: ನಕ್ಷತ್ರ ಹೆಚ್ಚಿದಷ್ಟೂ ನಷ್ಟ ಕಡಿಮೆ.

ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ಬೆಳಗಿ ಪೂಜಿಸುತ್ತಿದ್ದ ನಮ್ಮ ಹಿರಿಯರಿಗೆ ಈ ಗುಟ್ಟು ತಿಳಿದಿತ್ತು. ತೆಂಗಿನ ಗರಿ, ಕರಟಗಳಿಂದ ಒಲೆ ಹೊತ್ತಿಸಿದ ಮೇಲೆ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಬೇಕು. ಕೊನೆಯವರಿಗೆ ಕೆಂಡದ ಕಾವೇ ಸಾಕು. ಕಣ್ಣುರಿಸುವ ಆ ಹೊಗೆ ಮರಳಿ ಬರಲೆಂದು ನಾನು ಹೇಳುತ್ತಿಲ್ಲ; ಆ ಕ್ರಮ ಮರಳಿ ಬರಲಿ.

ಈಗ ನಮ್ಮಲ್ಲಿಯೂ ಸಾಲುಸ್ನಾನವೇ. 15 ಲೀಟರಿನ, 2 ಕಿಲೋವ್ಯಾಟ್‌ನ ನಮ್ಮ ಗೀಸರಿನ ನೀರು 60 ಡಿಗ್ರಿಗೆ ಕಾಯಲು ಇಪ್ಪತ್ತು ನಿಮಿಷದ ಆಸುಪಾಸು ಸಾಕು. ಅಷ್ಟು ಮೊದಲು ಸ್ವಿಚ್ಚು ಹಾಕಿ, ಕೊನೆಯವರ ಬಕೆಟ್ ತುಂಬುವ ಹೊತ್ತಿಗೆ ಆರಿಸುತ್ತೇವೆ. ಷವರಿಗೆ ಬದಲು ಬಕೆಟ್, ಚೊಂಬು. ತಾರಸಿಯ ಮೇಲೆ ಸೌರ ಜಲತಾಪಕವುಳ್ಳವರು ಅದರ ವಿದ್ಯುತ್ ಸುರುಳಿಯನ್ನು ರಾತ್ರಿಯಿಡೀ ಉರಿಯಬಿಟ್ಟರೆ ಸೂರ್ಯದೇವನ ಉಪಕಾರ ನೀರುಪಾಲು. ನಲ್ಲಿಯಿಂದ ಮೊದಲು ಬರುವ ತಣ್ಣೀರನ್ನೂ ಚೆಲ್ಲದೆ ಹಿಡಿದಿಟ್ಟರೆ ಪಾತ್ರೆ ತೊಳೆಯಲಾದೀತು. ಅನಿಲದ ಗೀಸರ್ ಇರುವವರು ಮಾತ್ರ ಬೆಚ್ಚಗಿರಲೆಂದು ಬಚ್ಚಲ ಕಿಟಕಿಯನ್ನು ಎಂದಿಗೂ ಮುಚ್ಚಬಾರದು. ಗಾಳಿಯಾಡದೆಡೆ ಅದರಿಂದ ಹೊರಡಬಹುದಾದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣಕ್ಕೇ ಎರವಾಗುತ್ತದೆ.

ಮರುತಿಂಗಳ ಬಿಲ್ಲು ಇಳಿಯಿತು. ಆದರೆ ನಾನು ಕಲಿತ ಪಾಠ ಬೇರೆ. ಮಿತವ್ಯಯವೆಂದರೆ ಪೋಲಾಗುವುದನ್ನು ತಡೆಯುವುದು. ಬೇಕಾದವರಿಗೆ ಬೇಕಾದುದನ್ನು ತಪ್ಪಿಸುವುದಲ್ಲ. ಮನೆಯಲ್ಲಿ ಉಳಿತಾಯದ ಮಾತೆದ್ದಾಗ ಮೊದಲು ಮೌನವಾಗಿ ತ್ಯಾಗಮಾಡುವವರು ಹಿರಿಯರು. ಅವರ ಬಕೆಟ್ಟನ್ನು ಒಮ್ಮೆ ಮುಟ್ಟಿ ನೋಡುವುದು ಒಳ್ಳೆಯದು.

ನಮ್ಮ ಸಾಲುಸ್ನಾನದಲ್ಲಿ ಮೊದಲ ಬಕೆಟ್ ಅಮ್ಮನದು.