ಮನೆಯ ನಾಯಿ, ಬೆಕ್ಕಿಗೆ ವೈದ್ಯರನ್ನು ಆರಿಸುವ ಬಗೆ

ಕೊಟ್ಟಿಗೆಯ ಹಸು ಮೇವು ಬಿಟ್ಟರೆ ಯಾರನ್ನು ಕರೆಯಬೇಕೆಂಬುದು ನಮ್ಮ ಮನೆಗಳ ಮಕ್ಕಳಿಗೂ ತಿಳಿದಿರುತ್ತದೆ. ಅಂಗಳದ ನಾಯಿ ಎರಡು ದಿನ ಅನ್ನ ಮುಟ್ಟದಿದ್ದರೆ ಮಾತ್ರ ‘ನಾಳೆ ನೋಡೋಣ’ ಎಂದು ಸುಮ್ಮನಾಗುತ್ತೇವೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಈ ‘ನಾಳೆ’ ಬಹಳ ದುಬಾರಿಯಾದುದು. ಇಲ್ಲಿ ಅನೇಕ ಮನೆಗಳು ಅಡಿಕೆ ತೋಟದ ನಡುವೆ ಒಂಟಿಯಾಗಿವೆ. ಹೆಚ್ಚಿನ ಚಿಕಿತ್ಸೆಗೆ ಮಂಗಳೂರನ್ನು ನೆಚ್ಚಬೇಕಾದರೆ ಪುತ್ತೂರಿನಿಂದ ಸುಮಾರು 50, ಸುಳ್ಯದಿಂದ ಸುಮಾರು 85 ಕಿಲೋಮೀಟರ್ ದಾರಿ. ಆದುದರಿಂದ ಸಾಕುಪ್ರಾಣಿಯ ವೈದ್ಯರನ್ನು ಅದು ಆರೋಗ್ಯವಾಗಿರುವಾಗಲೇ ಗೊತ್ತುಮಾಡಿಕೊಳ್ಳುವುದು ಜಾಣತನ.

ಸರಕಾರಿ ಪಶು ಆಸ್ಪತ್ರೆ, ಪಶು ಚಿಕಿತ್ಸಾಲಯಗಳ ಹೊಣೆಯ ಬಹುಭಾಗ ಹೈನುರಾಸುಗಳದು. 1962ಕ್ಕೆ ಕರೆ ಮಾಡಿದರೆ ಬರುವ ಸಂಚಾರಿ ವಾಹನವೂ ಮುಖ್ಯವಾಗಿ ಜಾನುವಾರುಗಳಿಗೆಂದೇ ರೂಪಿತವಾದುದು. ಹಾಲು ಕೊಡುವ ಪ್ರಾಣಿಗೆ ಮೊದಲ ಗಮನ ಸಲ್ಲುವುದು ಸಹಜವೇ. ಆದರೆ ದಿನವಿಡೀ ಹಸುಗಳ ಗರ್ಭಧಾರಣೆ, ಕೆಚ್ಚಲು ಬಾವುಗಳಲ್ಲಿ ಮುಳುಗಿರುವ ವೈದ್ಯರು ಬೆಕ್ಕಿನ ಕಾಯಿಲೆಯನ್ನೂ ಅಷ್ಟೇ ಬಲ್ಲರೆಂದು ಎಣಿಸಬಾರದು. ‘ತಾವು ನಾಯಿ, ಬೆಕ್ಕುಗಳನ್ನು ಹೆಚ್ಚಾಗಿ ನೋಡುತ್ತೀರಾ?’ ಎಂದು ವಿನಯದಿಂದ ಕೇಳುವುದರಲ್ಲಿ ಅಗೌರವವೇನೂ ಇಲ್ಲ.

ಅದಕ್ಕೂ ಮೊದಲು ನೋಡಬೇಕಾದುದು ನೋಂದಣಿ. 1984ರ ಭಾರತೀಯ ಪಶುವೈದ್ಯ ಪರಿಷತ್ತು ಕಾಯಿದೆಯ ಪ್ರಕಾರ ಪದವಿ ಪಡೆದು ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರಿಗಷ್ಟೇ ಪಶುವೈದ್ಯ ವೃತ್ತಿಯ ಅಧಿಕಾರವಿದೆ. ಪಶುವೈದ್ಯಕೀಯ ಪರೀಕ್ಷಕರು ಸಣ್ಣಪುಟ್ಟ ಸೇವೆಗಳನ್ನು ನೀಡಬಹುದಾದರೂ ಅದು ನೋಂದಾಯಿತ ವೈದ್ಯರ ಮಾರ್ಗದರ್ಶನದಲ್ಲಿ ನಡೆಯತಕ್ಕದ್ದು. ಔಷಧಿ ಅಂಗಡಿಯವರ ಸಲಹೆಯಂತೂ ಚಿಕಿತ್ಸೆಯಲ್ಲ. ಮನುಷ್ಯರ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಒಂದು ಹೊಟ್ಟೆಗೆ ಹೋದರೂ ಬೆಕ್ಕು ಸಾಯಬಹುದು. ಪ್ರೀತಿಯಿಂದ ಮಾತ್ರೆ ಅರೆದು ಹಾಲಿನಲ್ಲಿ ಬೆರೆಸುವ ತಾಯಂದಿರು ಇದನ್ನು ನೆನಪಿಡಬೇಕು.

ಒಳ್ಳೆಯ ವೈದ್ಯರನ್ನು ಗುರುತಿಸುವುದು ಅವರು ಬರೆಯುವ ಔಷಧಿಯಿಂದಲ್ಲ, ಅವರು ಕೇಳುವ ಪ್ರಶ್ನೆಗಳಿಂದ. ನಮ್ಮ ಸೀಮೆಯಲ್ಲಿ ವಾಂತಿ ಮಾಡುವ ನಾಯಿಯನ್ನು ಕಂಡೊಡನೆ ‘ತೋಟಕ್ಕೆ ಮದ್ದು ಬಿಟ್ಟಿದ್ದೀರಾ?’ ಎಂದು ವಿಚಾರಿಸುವವರು ಊರನ್ನು ಬಲ್ಲವರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇರುತ್ತದೆ. ಡ್ರಮ್ಮಿನ ಬಳಿ ನಿಂತ ನೀರನ್ನು ನಾಯಿ ನೆಕ್ಕುವುದುಂಟು. ಕೊಕ್ಕೋ ಇನ್ನೊಂದು ಸಂಗತಿ. 1986ರಿಂದ ಕ್ಯಾಂಪ್ಕೋದ ಚಾಕೊಲೇಟು ಕಾರ್ಖಾನೆಯಿರುವ ಪುತ್ತೂರಿನ ಸುತ್ತ ಅಡಿಕೆಯ ನಡುವೆ ಕೊಕ್ಕೋ ಬೆಳೆಯುವ ಮನೆಗಳು ಎಷ್ಟೋ. ಕೊಕ್ಕೋ ಬೀಜದಲ್ಲಿರುವ ಥಿಯೋಬ್ರೋಮಿನ್ ನಾಯಿಗೆ ವಿಷ. ಅದು ಮನುಷ್ಯರ ದೇಹದಲ್ಲಿ ಬೇಗ ಕರಗಿಹೋದರೂ ನಾಯಿಯ ದೇಹದಲ್ಲಿ ಬಹುಹೊತ್ತು ಉಳಿದು ಚಡಪಡಿಕೆ, ಹೃದಯ ಬಡಿತದ ಏರುಪೇರು, ಸೆಳೆತಗಳನ್ನು ತರುತ್ತದೆ. ಅಂಗಳದಲ್ಲಿ ಒಣಹಾಕಿದ ಬೀಜಕ್ಕೂ ಮಕ್ಕಳು ಕೊಡುವ ಚಾಕೊಲೇಟಿಗೂ ಈ ಮಾತು ಅನ್ವಯಿಸುತ್ತದೆ. ಹಾವು ಕಚ್ಚಿದ ಸಂದೇಹವಿದ್ದರೆ ಪ್ರತಿವಿಷ ಎಲ್ಲಿ ದೊರೆಯುತ್ತದೆ, ಉಣುಗು ಹತ್ತಿ ಜ್ವರ ಬಂದರೆ ರಕ್ತಪರೀಕ್ಷೆಗೆ ಏನು ಏರ್ಪಾಡಿದೆ ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿಟ್ಟುಕೊಳ್ಳಬೇಕು.

ನಮ್ಮಂತಹ ಸಸ್ಯಾಹಾರಿ ಕುಟುಂಬಗಳು ಮುಚ್ಚುಮರೆಯಿಲ್ಲದೆ ಚರ್ಚಿಸಬೇಕಾದ ವಿಷಯ ಆಹಾರದ್ದು. ಸರಿಯಾಗಿ ಹೊಂದಿಸಿದ ಸಸ್ಯಾಹಾರದಲ್ಲಿ ನಾಯಿಯನ್ನು ಸಾಕಬಹುದು. ಬರಿಯ ಅನ್ನ, ಮಜ್ಜಿಗೆ ಸಾಲದು, ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಸಲ್ಲದು. ಬೆಕ್ಕಿನ ಮಾತು ಬೇರೆ. ಟಾರಿನ್ ಎಂಬ ಅಂಶ ಅದಕ್ಕೆ ಆಹಾರದಿಂದಲೇ ದೊರೆಯತಕ್ಕದ್ದು. ಅದರ ಕೊರತೆಯಿಂದ ಬೆಕ್ಕಿನ ಕಣ್ಣೂ ಹೃದಯವೂ ಕೆಡುತ್ತವೆಂಬುದು 1970 ಮತ್ತು 80ರ ದಶಕಗಳ ಸಂಶೋಧನೆಗಳಿಂದ ತಿಳಿದುಬಂದಿದೆ. ಹಾಲನ್ನದ ಬೆಕ್ಕು ಗುಟ್ಟಾಗಿ ಇಲಿ ಹಿಡಿದು ತನ್ನ ಪಾಡನ್ನು ನೋಡಿಕೊಳ್ಳುತ್ತಿರಬಹುದು. ಮನೆಯೊಳಗೇ ಕೂಡಿಟ್ಟ ಬೆಕ್ಕಿಗೆ ಆ ದಾರಿಯೂ ಇಲ್ಲ. ಮನೆಯ ಆಚಾರವನ್ನು ಹಗುರಾಗಿ ಕಾಣದೆ, ಪ್ರಾಣಿಯ ಅಗತ್ಯವನ್ನೂ ಮರೆಮಾಚದೆ ಸಿದ್ಧ ಆಹಾರದ ವಿಚಾರವನ್ನು ತಿಳಿಸಿ ಹೇಳಬಲ್ಲ ವೈದ್ಯರು ಸಿಕ್ಕರೆ ಅವರನ್ನು ಬಿಡಬಾರದು.

ಲಸಿಕೆಯ ಪುಸ್ತಕ ಇಡುವ ಪದ್ಧತಿ ಅವರಲ್ಲಿದೆಯೇ ನೋಡಿರಿ. ನಾಯಿಮರಿಗೆ ಆರರಿಂದ ಎಂಟು ವಾರಗಳಲ್ಲಿ ಪಾರ್ವೋ ಮೊದಲಾದ ರೋಗಗಳ ಲಸಿಕೆ ಆರಂಭವಾಗಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು, ಅನಂತರ ವೈದ್ಯರು ಹೇಳಿದ ಅವಧಿಗೆ ಮತ್ತೆ ಮತ್ತೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿಗೆ ಮದ್ದಿಲ್ಲ. ಆದ್ದರಿಂದ ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಕೂಡಲೇ ಮನುಷ್ಯರ ಆಸ್ಪತ್ರೆಗೆ ಹೋಗಬೇಕು. ಲೂಯಿ ಪಾಶ್ಚರ್ ನಿಧನರಾದ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವೆಂದು ಆಚರಿಸುತ್ತಾರೆ. ಆ ಸುಮಾರಿಗೆ ಉಚಿತ ಲಸಿಕಾ ಶಿಬಿರಗಳು ನಡೆಯುವುದುಂಟು; ವೈದ್ಯರ ಪರಿಚಯಕ್ಕೂ ಅದು ಒಳ್ಳೆಯ ಅವಕಾಶ.

ಶುಲ್ಕವನ್ನು ಮೊದಲೇ ಕೇಳಲು ಸಂಕೋಚ ಬೇಡ. ‘ಇದು ನನ್ನಿಂದಾಗದು, ಮಂಗಳೂರಿಗೆ ಕರೆದೊಯ್ಯಿರಿ’ ಎಂದು ಹೇಳುವ ವೈದ್ಯರ ಮೇಲೆ ವಿಶ್ವಾಸ ಕಡಿಮೆಯಾಗಬೇಕಿಲ್ಲ, ಹೆಚ್ಚಾಗಬೇಕು. ರಾತ್ರಿ ವೇಳೆ ಕರೆಗೆ ಸಿಗುವರೇ, ಸಿಗದಿದ್ದರೆ ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ಬರೆದು ದೂರವಾಣಿಯ ಬಳಿ ಅಂಟಿಸಿರಿ. ಬೆಕ್ಕನ್ನು ಒಯ್ಯಲು ಮುಚ್ಚಳವಿರುವ ಒಂದು ಬುಟ್ಟಿ, ನೋವಿನಲ್ಲಿರುವ ನಾಯಿಯ ಬಾಯಿಗೆ ಕಟ್ಟಲು ಅಗಲವಾದ ಮೆತ್ತನೆಯ ಬಟ್ಟೆಪಟ್ಟಿ ಕೈಗೆಟಕುವಲ್ಲಿರಲಿ. ವಾಂತಿ ಮಾಡುತ್ತಿರುವ ಅಥವಾ ಉಸಿರಾಡಲು ಕಷ್ಟಪಡುತ್ತಿರುವ ನಾಯಿಗೆ ಮಾತ್ರ ಬಾಯಿ ಕಟ್ಟಬಾರದು.